ಸೇತುವೆ ಊಟಕ್ಕೆ ಹೋಗಿದೆ

ಬಂದರಿನಿಂದ ನದಿಯಾಚೆಯ ಬೆಂಗ್ರೆಗೆ ಕಟ್ಟಿದ ಮಹಾಸೇತುವೆಯು, ನಡುಭಾಗವೊಂದನ್ನು ಬಿಟ್ಟು, ಎಲ್ಲ ವಿಧದಲ್ಲೂ ಪೂರ್ಣಗೊಂಡಿದೆಯೆಂದು ಸಾರ್ವಜನಿಕರಿಗೆ ತಿಳಿಯಪಡಿಸಲಾಯಿತು. ನಡುಭಾಗದ ಉಕ್ಕಿನ ತೊಲೆಗಳು ನೆರೆದೇಶದಿಂದ ಬರಬೇಕಿತ್ತು. ಅಷ್ಟರಲ್ಲಿ ಯಾವುದೋ ಹಿಮದ ಗುಡ್ಡ ಯಾರದೆಂದು ಎರಡು ದೇಶಗಳಿಗೂ ತಕರಾರು ಹತ್ತಿ, ತೊಲೆಗಳನ್ನು ಶತ್ರುಗಳೆಂದು ಘೋಷಿಸಲಾಯಿತು. ಹಡಗು ಬಂದ ದಾರಿಯಲ್ಲೇ ಮರಳಿತು.

ಇದರಿಂದ ಖುಷಿಪಟ್ಟವನು ದೋಣಿಯ ಅಯ್ಯೂಬ್ ಒಬ್ಬನೇ. ಸೇತುವೆ ಮುಗಿದರೆ ಅವನ ದೋಣಿಗೆ ಯಾರೂ ಹತ್ತುವವರಿರಲಿಲ್ಲ. ಗಲ್ಫಿನಲ್ಲಿ ದೋಣಿ ಕೆಲಸ ಉಂಟಾ ಎಂದು ಹೆಂಡತಿ ಸಫಿಯಾ ಅಲ್ಲಿದ್ದ ತಮ್ಮನಲ್ಲಿ ವಿಚಾರಿಸಿಯೂ ಆಗಿತ್ತು. ಅಲ್ಲಿಯ ಸೇತುವೆಗಳೆಲ್ಲ ಮುಗಿದಿದ್ದವಂತೆ.

ಆದರೆ ಉದ್ಘಾಟನೆಯ ದಿನ ನಿಗದಿಯಾಗಿತ್ತು, ಮಂತ್ರಿಗಳಿಗೆ ಹಾರ ಕಟ್ಟಿಸಿಯೂ ಆಗಿತ್ತು. ಹಿಂದಿನ ಸಂಜೆ ಇಂಜಿನಿಯರ್ ಜಿತೇಶ್ ದೋಣಿ ಕಟ್ಟುವ ದಕ್ಕೆಗೆ ಬಂದು ಅಯ್ಯೂಬನನ್ನು ಪಕ್ಕಕ್ಕೆ ಕರೆದರು.

“ಅಯ್ಯೂಬಾಕ, ನಾಳೆಯಿಂದ ನಿಮ್ಮದು ದೋಣಿ ಅಲ್ಲ, ಸೇತುವೆ.”

“ನಾನು ಎಂತ ಮಾಡ್ಬೇಕು ಸಾರ್?”

“ಇಷ್ಟು ದಿನ ಮಾಡಿದ್ದೇ. ಆದರೆ ನಿಯಮದ ಪ್ರಕಾರ ಸೇತುವೆ ಅಲ್ಲಾಡುವ ಹಾಗಿಲ್ಲ.”

ಅಲ್ಲಾಡದೆ ದಾಟಿಸುವುದು ಹೇಗೆಂದು ಅಯ್ಯೂಬ್ ಗಾಬರಿಯಿಂದ ಕೇಳಿದ. ನೀರಿನಲ್ಲಿ ಅಲ್ಲಾಡಿದರೂ ದಾಖಲೆಯಲ್ಲಿ ಅಲ್ಲಾಡುವುದಿಲ್ಲ ಎಂದು ಜಿತೇಶ್ ಸಮಾಧಾನ ಹೇಳಿದರು.

ಬೆಳಗಾಗುವುದರೊಳಗೆ ದೋಣಿಗೆ ಸಿಮೆಂಟಿನ ಬಣ್ಣ ಬಳಿಯಲಾಯಿತು. ಮಂತ್ರಿಗಳು ರಿಬ್ಬನ್ ಕತ್ತರಿಸಿ, ಲೈಫ್ ಜಾಕೆಟ್ ತೊಟ್ಟು, ಸೇತುವೆಯೊಳಗೆ ಕುಳಿತರು. ಸೇತುವೆ ಬಹಳ ಗಟ್ಟಿಯಾಗಿದೆಯೆಂದು ಅದರ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೇಳಿದರು.

ಮರುದಿನವೇ ಪ್ರಕಟಣೆ ಬಂತು: ‘ಸದರಿ ಸೇತುವೆಯು ಮಧ್ಯಾಹ್ನ ಊಟಕ್ಕೆ ತೆರಳುವುದು. ಶುಕ್ರವಾರ ನಮಾಜು ಮುಗಿಸಿ ಬರುವುದರಿಂದ ತುಸು ವಿಳಂಬವಾಗಬಹುದು. ಸಾರ್ವಜನಿಕರು ಸಹಕರಿಸತಕ್ಕದ್ದು.’

ಸಾರ್ವಜನಿಕರು ಸಹಕರಿಸಿದರು. ಸೇತುವೆಗೆ ಜ್ವರ ಬಂದ ವಾರ ಕೆಲವರು ಹಣ್ಣು ಹಿಡಿದುಕೊಂಡು ಅದರ ಮನೆಗೂ ಹೋಗಿ ಬಂದರು.

ವರ್ಷ ಕಳೆಯಿತು. ಗುಡ್ಡದ ಹಿಮ ಕರಗಿ, ಅದರಡಿ ಗುಡ್ಡವೇ ಇಲ್ಲವೆಂದು ತಿಳಿದು, ದೇಶಗಳು ರಾಜಿಯಾದವು. ತೊಲೆಗಳು ಬಂದಿಳಿದವು. ಅಯ್ಯೂಬನಿಗೆ ಅನ್ನ ಸೇರಲಿಲ್ಲ. ತನ್ನನ್ನು ಯಾವಾಗ ಕೆಡವುತ್ತೀರಿ ಎಂದು ಹೋಗಿ ಕೇಳಿಯೇಬಿಟ್ಟ.

“ಎಂತ ಮಾತಾಡ್ತೀರಿ ಮಾರಾಯ್ರೆ,” ಎಂದರು ಜಿತೇಶ್. “ಉದ್ಘಾಟನೆ ಆದ ಸೇತುವೆ. ಅದಕ್ಕೆ ತೊಲೆ ಹಾಕಿದರೆ ಇಷ್ಟು ದಿನ ಇರಲಿಲ್ಲ ಅಂತ ಆಗ್ತದೆ.”

ಹಾಗಾಗಿ ಆ ತೊಲೆಗಳಿಂದ ಬೆಂಗ್ರೆಯ ತುದಿಯಲ್ಲಿ, ಸೇತುವೆ ಬರುವವರೆಗೆ ಜನ ಕೂತು ಕಾಯಲು ಭದ್ರವಾದ ತಂಗುದಾಣವೊಂದನ್ನು ಕಟ್ಟಲಾಯಿತು. ಅದರ ಉದ್ಘಾಟನೆಗೂ ಮಂತ್ರಿಗಳು ಸೇತುವೆಯಲ್ಲೇ ಬಂದರು.

ಬೆಂಗ್ರೆಯಲ್ಲಿದ್ದು, ಆಚೆ ದಡದ ಅತ್ತಾವರದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಒಲಿಂಡಾ ಈಗ ದಿನಾ ಆ ತಂಗುದಾಣದ ಫ್ಯಾನಿನಡಿ ಕೂರುತ್ತಾಳೆ. ಮೊನ್ನೆ ಡ್ಯೂಟಿಗೆ ಯಾಕೆ ತಡವೆಂದು ಮೇಲಿನವರು ಫೋನಿನಲ್ಲಿ ಕೇಳಿದರು.

“ಸೇತುವೆ ಆಚೆ ದಡದಲ್ಲಿ ಉಂಟು ಮೇಡಂ. ಜನ ತುಂಬಿದ ಕೂಡಲೇ ಬರ್ತದೆ.”

“ಸರಿ, ಬಂದ ಕೂಡಲೇ ಹೊರಡು,” ಎಂದು ಅವರು ಫೋನ್ ಇಟ್ಟರು.