ಜಮಾದಾರನನ್ನು ಪಳಗಿಸಿದ ಕಥೆ

ಎಂಟೇ ದಿನಗಳಲ್ಲಿ ಅಮ್ಮನನ್ನು ನಡೆಸಿ ತೋರಿಸುತ್ತೇನೆ ಎಂದು ನಾನು ನಡುಮನೆಯಲ್ಲಿ ನಿಂತು ಘೋಷಿಸಿಬಿಟ್ಟೆ! ಅದಕ್ಕೆ ಸಾಕ್ಷಿ ನನ್ನ ಹೆಂಡತಿ ಮತ್ತು ಅಮ್ಮನಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಮೇಡಂ.

ಅಮ್ಮನ ಸೊಂಟದ ಆಪರೇಷನ್ ಆಗಿ ತಿಂಗಳಾಗಿತ್ತು. ಮೂಳೆ ಕೂಡಿತ್ತು, ಧೈರ್ಯ ಕೂಡಿರಲಿಲ್ಲ. ಹಾಸಿಗೆಯಿಂದ ಪಕ್ಕದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ, ಅಷ್ಟೇ ಅವಳ ಪ್ರಯಾಣ. ಅದರಾಚೆ ಒಂದು ಹೆಜ್ಜೆ ಎಂದರೆ "ಬಿದ್ದುಬಿಡ್ತೀನಿ ಕಣೋ!" ಎಂದು ಕೂಗುತ್ತಿದ್ದಳು. ಫಿಸಿಯೋ ಮೇಡಂ ಕೈಚೆಲ್ಲಿದ್ದರು.

"ನೋಡಿ ಸರ್, ಇನ್ನೆರಡು ವಾರದಲ್ಲಿ ನಡೀದೇ ಇದ್ರೆ ಕಾಲು ಹಿಡ್ಕೊಂಡುಬಿಡುತ್ತೆ. ಆಮೇಲೆ ಗಾಲಿಕುರ್ಚಿನೇ ಗತಿ."

"ನನಗೆ ಬಿಡಿ! ಹನ್ನೆರಡನೇ ವಯಸ್ಸಿಗೇ ಜಮಾದಾರನನ್ನ ಪಳಗಿಸಿದವನು ನಾನು!"

"ಜಮಾದಾರನಾ? ಪೊಲೀಸಾ?" ಮೇಡಂ ಗಾಬರಿಯಾದರು.

"ನಾಯಿ," ಎಂದಳು ನನ್ನಾಕೆ. ಮದುವೆಯಾದಾಗಿನಿಂದ ಆ ಕಥೆ ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು. "ರೀ, ಅತ್ತೆಗೂ ನಾಯಿಗೂ ಒಂದೇ ಪಾಠಾನಾ? ಅವರ ಕಿವಿಗೆ ಬಿದ್ರೆ ನಿಮ್ಮನ್ನ ಉಳಿಸ್ತಾರಾ?"

"ಬೀಳಬಾರದು, ಅಷ್ಟೇ!"

ಜಮಾದಾರ ಬೀದಿಯಲ್ಲಿ ಸಿಕ್ಕಿದ ಕಂದು ನಾಯಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡದ್ದು. ಗೇಟಿನ ಮುಂದೆ ಎದೆಯುಬ್ಬಿಸಿ ಗಸ್ತು ತಿರುಗುತ್ತಿದ್ದುದಕ್ಕೆ ಆ ಹೆಸರು. ದಿನಾ ಶಾಲೆ ಬಿಟ್ಟು ಬಂದವನೇ ಹಿತ್ತಿಲ ಬಾಗಿಲಿಗೆ ಬೆನ್ನು ಮಾಡಿ ನಿಂತು, ಚಿಟಿಕೆ ಹೊಡೆದು "ಕೂತ್ಕೋ!" ಎನ್ನುತ್ತಿದ್ದೆ. ಕೂತುಬಿಡುತ್ತಿದ್ದ! "ಭೇಷ್!" ಎನ್ನುತ್ತಿದ್ದೆ. ಆದರೆ ಅವನು ಒಮ್ಮೆಯೂ ನನ್ನ ಮುಖ ನೋಡಿದವನಲ್ಲ. ನನ್ನ ಭುಜದ ಮೇಲಿಂದ ಆಚೆ ಎಲ್ಲೋ ನೋಡುತ್ತಿದ್ದ. ಗುರುವಿನ ಕಣ್ಣಲ್ಲಿ ಕಣ್ಣಿಡಲು ಅಂಜಿಕೆ ಎಂದುಕೊಂಡಿದ್ದೆ. ಆ ಅಂಜಿಕೆಗೆ ಅವನ ಬಾಯಲ್ಲಿ ನೀರು ಯಾಕೆ ಸುರಿಯುತ್ತಿತ್ತು ಎಂದು ಮಾತ್ರ ಯೋಚಿಸಿರಲಿಲ್ಲ.

ಆ ಸಂಜೆಗಳು ಈಗಲೂ ಹಾಗೇ ಕಣ್ಣ ಮುಂದಿವೆ. ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಯ ಸೋಪಿನ ವಾಸನೆ, ಬೆನ್ನ ಹಿಂದೆ ಅಮ್ಮನ ಬಳೆಯ ಸದ್ದು, ಎದುರಿಗೆ ಶಿಸ್ತಾಗಿ ಕೂತ ಜಮಾದಾರ. ಮುಪ್ಪಿನಲ್ಲಿ ಅವನ ಹಿಂಗಾಲು ಬಿದ್ದುಹೋದವು. ಅಮ್ಮನೇ ಹಳೆಯ ಹೊದಿಕೆಯಲ್ಲಿ ಅವನನ್ನು ಎತ್ತಿಕೊಂಡು ಹೋಗಿ ಬಿಸಿಲಿಗೆ ಮಲಗಿಸುತ್ತಿದ್ದಳು. ಈಗ ಕುರ್ಚಿಯಿಂದ ಇಳಿಬಿದ್ದ ಅಮ್ಮನ ಕಾಲುಗಳನ್ನು ಕಂಡಾಗಲೆಲ್ಲ ನನಗೆ ಅದೇ ನೆನಪಾಗುತ್ತಿತ್ತು. ಬಾಯಲ್ಲಿ ಬಡಾಯಿ ಕೊಚ್ಚುತ್ತಿದ್ದೆನಾದರೂ ನಿಜಕ್ಕೂ ಹೆದರಿದ್ದೆ.

ಪಾಠ ಶುರುವಾಯಿತು. ಗದರಬಾರದು, ಪಾಠ ಪುಟ್ಟದಿರಬೇಕು, ಗೆದ್ದ ಕ್ಷಣವೇ ಬಹುಮಾನ ಕೊಡಬೇಕು. ಇದು ನನ್ನ ಶಾಸ್ತ್ರ! ಮೊದಲ ದಿನ ಚಿಟಿಕೆ ಹೊಡೆದು "ಬಾ ಅಮ್ಮಾ!" ಎಂದೆ. ಅಮ್ಮ ನನ್ನನ್ನು ಒಂದು ಥರಾ ನೋಡಿ, ಅರ್ಧ ಹೆಜ್ಜೆ ಜರುಗಿಸಿದಳು.

"ಭೇಷ್!" ಎಂದು ಅವಳ ಅಂಗೈಗೆ ಒಣದ್ರಾಕ್ಷಿ ಹಾಕಿದೆ.

"ಏನೋ ಇದು?"

"ಬಹುಮಾನ ಅಮ್ಮಾ."

"ಒಂದೇ ಒಂದಾ?"

ಎರಡನೇ ದಿನ ಅರ್ಧ ಹೆಜ್ಜೆಗೆ ಐದು ದ್ರಾಕ್ಷಿಯಾಯಿತು. ಮೂರನೇ ದಿನ ಕಾಲು ನೆಲಕ್ಕೆ ಇಳಿಸಿದ್ದಕ್ಕೇ ಒಂದು ಹಿಡಿ. ನಾಲ್ಕನೇ ದಿನ, "ಮೊದಲು ಕೊಡು, ನಡೆಯೋದನ್ನ ಆಮೇಲೆ ನೋಡೋಣ" ಎಂಬಲ್ಲಿಗೆ ಬಂತು. ಐದನೇ ದಿನ ಬೆಳಿಗ್ಗೆ ಅಮ್ಮನ ಹಾಸಿಗೆಗೆ ಇರುವೆಗಳ ದಂಡಯಾತ್ರೆ! ಹಲ್ಲಿಗೆ ಅಂಟುತ್ತದೆಂದು ಅಮ್ಮ ಒಂದನ್ನೂ ತಿನ್ನದೆ ಅಷ್ಟನ್ನೂ ದಿಂಬಿನಡಿ ಶೇಖರಿಸಿಟ್ಟಿದ್ದಳು. ಹಾಸಿಗೆಯನ್ನು ಅಂಗಳಕ್ಕೆ ಎಳೆದೊಯ್ದು ಜೋರಾಗಿ ಒದರಿದೆ. ಇರುವೆ ಉದುರಲಿಲ್ಲ, ನನ್ನ ಸೊಂಟ ಕಳಕ್ಕೆಂದಿತು!

ಆರನೇ ದಿನ ಫಿಸಿಯೋ ಮೇಡಂ ಬಂದಾಗ ಅವರಿಗೆ ರೋಗಿಗಳು ಇಬ್ಬರು.

"ಸರ್, ನಿಧಾನಕ್ಕೆ ಒಂದು ಹೆಜ್ಜೆ ಇಡಿ ನೋಡೋಣ."

"ಆಗಲ್ಲ ಮೇಡಂ, ಬಿದ್ದುಬಿಡ್ತೀನಿ!"

ಕುರ್ಚಿಯಲ್ಲಿದ್ದ ಅಮ್ಮ ಚಿಟಿಕೆ ಹೊಡೆದಳು. "ಬಾ ಮಗಾ, ಬಾ!" ಎಂದು ಒಂದು ದ್ರಾಕ್ಷಿ ಹಿಡಿದು ತೋರಿಸಿದಳು. ನನ್ನಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು.

ಎಂಟನೇ ದಿನ ಬಂತು. ಫಿಸಿಯೋ ಮೇಡಂ ಕೈಕಟ್ಟಿ ನಿಂತಿದ್ದರು. ನಾನು ಅಡುಗೆಮನೆಯ ಬಾಗಿಲಿಗೆ ಬೆನ್ನು ಮಾಡಿ, ಒಂದು ಕೈ ಮೇಜಿನ ಮೇಲೆ, ಇನ್ನೊಂದು ಸೊಂಟದ ಮೇಲೆ ಇಟ್ಟು ನಿಂತೆ. ಮೇಜಿನ ಕೈ ತೆಗೆದು ಚಿಟಿಕೆ ಹೊಡೆದೆ. "ಬಾ ಅಮ್ಮಾ!" ಅಮ್ಮ ಮಿಸುಕಲಿಲ್ಲ. ಇನ್ನೊಮ್ಮೆ ಹೊಡೆದೆ. ಮೇಡಂ ಗಡಿಯಾರ ನೋಡಿದರು. "ಒಂದೇ ಒಂದು ಹೆಜ್ಜೆ ಅಮ್ಮಾ, ನನಗೋಸ್ಕರ," ಎಂದೆ.

ಅಮ್ಮ ಕೋಲೂರಿ ಎದ್ದಳು! ಒಂದು ಹೆಜ್ಜೆ. ಎರಡು. ಐದು! "ನೋಡಿದ್ರಾ ಮೇಡಂ, ಪಳಗಿದ ಕೈ ಅಂದ್ರೆ ಇದು!" ಎಂದು ಕೂಗಿದೆ. ಆಮೇಲೆ ಗಮನಿಸಿದೆ, ಅಮ್ಮ ನನ್ನನ್ನು ನೋಡುತ್ತಲೇ ಇಲ್ಲ. ಅವಳ ಕಣ್ಣು ನನ್ನ ಭುಜದ ಮೇಲಿಂದ ಆಚೆ ನೆಟ್ಟಿತ್ತು. ಆ ನೋಟವನ್ನು ನಾನು ನಲವತ್ತು ವರ್ಷಗಳಿಂದ ಕಂಡಿರಲಿಲ್ಲ.

ಸೊಂಟ ಹಿಡಿದುಕೊಂಡು ಹಿಂದಿರುಗಿ ನೋಡಿದೆ. ಅಡುಗೆಮನೆಯ ಬಾಗಿಲಲ್ಲಿ ನನ್ನಾಕೆ ನಿಂತಿದ್ದಳು. ಕಂಕುಳಲ್ಲಿ ಅಡುಗೆಯ ಪಾತ್ರೆ, ಮೇಲೆತ್ತಿದ ಕೈಯಲ್ಲಿ ತುಂಬಿ ತುಳುಕುವ ಉಪ್ಪಿನ ಚಮಚ.

"ಅತ್ತೇ, ಎರಡು ಹಾಕಿದ್ದೀನಿ. ಮೂರನೇದೂ ಹಾಕಿಬಿಡ್ಲಾ?"

"ನಿಲ್ಸೇ! ಅದೇನು ಅಡುಗೆನಾ ಸಮುದ್ರಾನಾ!"

ನನ್ನನ್ನು ಪಕ್ಕಕ್ಕೆ ತಳ್ಳಿ ಅಮ್ಮ ಅಡುಗೆಮನೆ ಹೊಕ್ಕು ಚಮಚ ಕಿತ್ತುಕೊಂಡಳು. ಫಿಸಿಯೋ ಮೇಡಂ ಚಪ್ಪಾಳೆ ತಟ್ಟಿದರು. ನನಗೆ ಸಂತೋಷಕ್ಕೆ ಅಳು ಬಂತು, ಅವಮಾನಕ್ಕೂ ಸ್ವಲ್ಪ ಬಂತು.

"ಅವರಿಗೆ ದ್ರಾಕ್ಷಿ ಯಾಕ್ರೀ?" ಎಂದಳು ನನ್ನಾಕೆ. "ನನ್ನ ಅಡುಗೇಲಿ ತಪ್ಪು ಹುಡುಕೋದು ಅಂದ್ರೆ ಅವರಿಗೆ ಪ್ರಾಣ. ತಿಂಗಳಿಂದ ಸಿಕ್ಕಿರಲಿಲ್ಲ, ಪಾಪ. ಅದನ್ನೇ ತೋರಿಸಿದೆ."

ಅಮ್ಮ ನಕ್ಕಳು. "ಜಮಾದಾರನೂ ನಿನ್ನ ಚಿಟಿಕೆಗೆ ಕೂರ್ತಿರಲಿಲ್ಲ ಕಣೋ. ನಿನ್ನ ಹಿಂದೆ ಬಾಗಿಲಲ್ಲಿ ನಾನು ರಸ್ಕು ಹಿಡ್ಕೊಂಡು ನಿಂತಿರ್ತಿದ್ದೆ. ಮೇಲೆತ್ತಿದ್ರೆ ಕೂರ್ತಿದ್ದ. ನೀನು ಒಂದು ದಿನಾನೂ ತಿರುಗಿ ನೋಡ್ಲಿಲ್ಲ."

"ಹೇಳ್ಬಾರದಿತ್ತಾ ಅಮ್ಮಾ?"

"ಹೇಗೆ ಹೇಳ್ಲಿ? ನೀನು ದಿನಾ ಶಾಲೇಲಿ ಬೈಸ್ಕೊಂಡು ಮುಖ ಸಣ್ಣ ಮಾಡ್ಕೊಂಡು ಬರ್ತಿದ್ದೆ. ನಾಯಿಯಾದ್ರೂ ನನ್ನ ಮಗನ ಮಾತು ಕೇಳ್ಲಿ ಅಂತ ಹಾಗೆ ಮಾಡ್ತಿದ್ದೆ."

ಅಮ್ಮ ನನ್ನ ಸೊಂಟ ನೋಡಿದಳು, ಚಿಟಿಕೆ ಹೊಡೆದಳು.

"ನಿಂತ್ಕೋಬೇಡ. ಕೂತ್ಕೋ!"

ಅವಳ ಮಾತು ಮುಗಿಯುವ ಮೊದಲೇ ಕೂತಿದ್ದೆ.

"ಭೇಷ್!" ಎಂದರು ಅತ್ತೆ ಸೊಸೆ ಒಟ್ಟಿಗೆ. ನನ್ನ ಅಂಗೈಗೆ ಒಂದು ಒಣದ್ರಾಕ್ಷಿ ಬಿತ್ತು.

ಅದನ್ನೇ ಸ್ವಲ್ಪ ಹೊತ್ತು ನೋಡಿ ತಲೆಯೆತ್ತಿ ಕೇಳಿದೆ:

"ಒಂದೇ ಒಂದಾ?"