ಹುಸಿಸೂರಿನ ಮಹಾಸಂಗ್ರಾಮ

ಎಲೈ ಕಲಿಯುಗವೇ! ಇದ್ದ ಮಾಳಿಗೆ ಸಾಲದೆಂದು ಅದರಡಿಗೆ ಇನ್ನೊಂದು ಸುಳ್ಳು ಮಾಳಿಗೆಯನ್ನು ತೂಗಹಾಕಿಸಿದ ಯುಗವೇ, ಮನುಷ್ಯರ ಬಾಯಿ ಸಾಲದೆಂದು ಆ ಸುಳ್ಳು ಮಾಳಿಗೆಗೂ ಬಾಯಿ ಕೊರೆಸಿದ ಯುಗವೇ, ನಿನಗೆ ಶರಣು! ಪಾತಾಳಜಲಾಕರ್ಷಣಯಂತ್ರವಿಕ್ರಯಧುರಂಧರನೂ, ಶುಷ್ಕಕೂಪಕೃಷಿಕಜನಾಶಾಕಲ್ಪತರುವೂ, ಭೋಜನೋತ್ತರನಿದ್ರಾಸಮಾಧಿಸಿದ್ಧನೂ ಆದ ಹುಬ್ಬಳ್ಳಿಯ ಕಲ್ಮೇಶಪ್ಪ ಹಂಚಿನಮನಿಯು, ಅಂದರೆ ಬೋರ್‌ವೆಲ್ ಮೋಟಾರು ಮಾರುವ ಕಲ್ಮೇಶಪ್ಪನು, ತನ್ನ ಹೊಸ ಮನೆಯ ಸೂರಿನಲ್ಲಿ ಸ್ಪೀಕರುಗಳನ್ನು ಪ್ರತಿಷ್ಠಾಪಿಸಲು ಹೂಡಿದ ಘೋರ ಸಮರವನ್ನು ನಗದೆ ಹೇಳಿ ಮುಗಿಸುವ ಧೈರ್ಯವನ್ನು ಈ ಕಥಕನಿಗೆ ದಯಪಾಲಿಸು.

ಸಮರದ ಬೀಜ ಬಿದ್ದದ್ದು ಬೆಳಗಾವಿಯಲ್ಲಿ. ಮಗಳನ್ನು ಕೊಟ್ಟ ಬೀಗರಾದ ರಾಚಪ್ಪನವರ ಮನೆಯಲ್ಲಿ ಹೋಳಿಗೆಯೂಟಕ್ಕೆ ಕುಳಿತಿದ್ದ ವೀರನ ನೆತ್ತಿಯ ಮೇಲೆ ಒಮ್ಮೆಲೇ ಶಹನಾಯಿಯ ನಾದ ಸುರಿಯಿತು. ಅರ್ಧ ಹೋಳಿಗೆ ಬಾಯಲ್ಲಿದ್ದಂತೆಯೇ ಆತ ತಲೆಯೆತ್ತಿ ನೋಡಿದನು. ವಾದ್ಯವಿಲ್ಲ, ವಾದಕನಿಲ್ಲ, ಬಿಳಿಯ ಸೂರಿನಲ್ಲಿ ರೊಟ್ಟಿಯಷ್ಟಗಲದ ಎರಡು ಜಾಲರಿಗಳಿದ್ದವು.

"ಏನ್ ನೋಡಾಕತ್ತೀರಿ ಬೀಗ್ರ? ಸ್ಪೀಕರ್ ಅದಾವ್ರಿ ಮ್ಯಾಲ. ಅಡಿಗಿಮನಿ, ಮಲಗೂ ಖೋಲಿ, ಎಲ್ಲಾ ಕಡೆ ಒಮ್ಮಿಗೇ ಬಾರಸ್ತಾವು," ಎಂದರು ರಾಚಪ್ಪನವರು. "ನಿಮ್ಮ ಹೊಸಾ ಮನ್ಯಾಗೂ ಹಾಕ್ಸಿರಬೇಕಲ್ಲ?"

"ಹಾಕ್ಸಾಕತ್ತೀವಲ್ರಿ," ಎಂದನು ಕಲ್ಮೇಶಪ್ಪ.

ಅಪ್ಪಟ ಸುಳ್ಳು. ಪೂರ್ವಕಾಲದ ವೀರರು ಆಡಿದ ಸತ್ಯಕ್ಕಾಗಿ ರಾಜ್ಯವನ್ನೇ ತೊರೆದರು. ನಮ್ಮ ವೀರನು ಆಡಿದ ಸುಳ್ಳನ್ನು ನಿಜಮಾಡಲು ಸೂರು ಕೊರೆಸಲು ಹೊರಟನು. ಕಾಲಕ್ಕೆ ತಕ್ಕ ವೀರ.

ಆದರೆ ಆತನ ಎದೆಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಮೋಟಾರಿನ ರೋಗವನ್ನು ಅದರ ಸದ್ದಿನಿಂದಲೇ ಹೇಳುವೆನೆಂಬ ಹಮ್ಮಿನಲ್ಲಿ, ಗರ್ಜಿಸುವ ಯಂತ್ರಗಳಿಗೆ ಹರೆಯವಿಡೀ ಎಡಗಿವಿಯನ್ನು ಒತ್ತಿ ಒತ್ತಿ, ಆ ಕಿವಿ ಎಂದೋ ಮುಚ್ಚಿಹೋಗಿತ್ತು. ಸಭೆಯಲ್ಲಾಗಲಿ ಮದುವೆಯಲ್ಲಾಗಲಿ ಆತ ಎಡತುದಿಯ ಕುರ್ಚಿಯನ್ನೇ ಹಿಡಿಯುತ್ತಿದ್ದನು. ಯಾರಾದರೂ ಮಾತನಾಡಿದರೆ ಗಂಭೀರವಾಗಿ ಆಲೋಚಿಸುವವನಂತೆ ಮುಖವನ್ನು ಓರೆಮಾಡುತ್ತಿದ್ದನು. ಬೆಳಗಾವಿಯಲ್ಲಿ ನಾದ ನೆತ್ತಿಯ ಮೇಲಿಂದ ಇಳಿದಾಗ, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಮುಖ ಓರೆಮಾಡಬೇಕಾಗಿ ಬರಲಿಲ್ಲ. ಈ ಸುಖವನ್ನು ಹೆಂಡತಿಯ ಮುಂದೆ ಬಾಯಿಬಿಟ್ಟು ಹೇಳಿಬಿಟ್ಟಿದ್ದರೆ ಸಮರವೇ ಆಗುತ್ತಿರಲಿಲ್ಲ. ಆದರೆ ಬಾಯಿಬಿಟ್ಟು ಹೇಳುವುದು ಬುದ್ಧಿವಂತರ ಗುಣ. ವೀರರಿಗೂ ಅದಕ್ಕೂ ಏನು ಸಂಬಂಧ?

ರಣದಿನ ಬಂದಿತು. ಹೊಸ ಮನೆಯ ಪಡಸಾಲೆಯಲ್ಲಿ ಹುಸಿಸೂರಿನ, ಅಂದರೆ ಫಾಲ್ಸ್ ಸೀಲಿಂಗಿನ, ತಗಡಿನ ಚೌಕಟ್ಟು ಅಸ್ಥಿಪಂಜರದಂತೆ ತೂಗುತ್ತಿತ್ತು. ಸೀಲಿಂಗ್ ಕೆಲಸದ ದಾವಲಸಾಬನು ಹಲಗೆಗಳನ್ನು ಗೋಡೆಗೆ ಆನಿಸಿ, "ಸಾವಕಾರ್ರ, ಇವತ್ತ ಮುಚ್ಚಾಕ್ ಸುರು ಮಾಡ್ತೇನ್ರಿ. ಸ್ಪೀಕರ್ ಎಲ್ಲೆಲ್ಲಿ ಬರ್ತಾವು ಗುರ್ತು ಹಾಕ್ಕೊಡ್ರಿ, ವಾಯರ್ ಎಳದ ಬಿಡ್ತೇನಿ," ಎಂದು ಬೀಡಿ ಸೇದಲು ಹೊರಗೆ ಹೋದನು.

ಆಗ ಪ್ರವೇಶಿಸಿದನು ಪ್ರತಿವೀರ: ನಿದ್ರಾಲೋಲವಿದ್ಯಾರ್ಥಿವೃಂದಾಗ್ರಭಾಷಣಪ್ರವೀಣನೂ, ಅಪೃಷ್ಟಪ್ರಶ್ನೋತ್ತರಪ್ರದಾನವ್ಯಸನಿಯೂ ಆದ ಭೌತಶಾಸ್ತ್ರದ ಉಪನ್ಯಾಸಕ ಸಂಗಣ್ಣ, ಕಲ್ಮೇಶಪ್ಪನ ಹೆಂಡತಿ ನೀಲವ್ವನ ಖಾಸಾ ತಮ್ಮ. ಕೈಯಲ್ಲಿ ಕೆಂಪು ಕಿರಣ ಬಿಟ್ಟು ದೂರ ಅಳೆಯುವ ಯಂತ್ರ. ಕರೆದವರು ಯಾರೂ ಇರಲಿಲ್ಲ.

"ಮಾಮಾ," ಎಂದು ಗೋಡೆಯಿಂದ ಗೋಡೆಗೆ ಕಿರಣ ಬಿಡುತ್ತ ಸಂಗಣ್ಣ ಗರ್ಜಿಸಿದನು, "ಧ್ವನಿಶಾಸ್ತ್ರ ಅಂದ್ರ ಹುಡುಗಾಟಕಿ ಅಲ್ಲ. ಎರಡೂ ಸ್ಪೀಕರ್ ಮುಂದ, ಟಿವಿ ಗ್ವಾಡಿ ಕಡೆ ಬರಬೇಕು. ಒಂದು ಎಡಕ್ಕ, ಒಂದು ಬಲಕ್ಕ. ಫ್ಯಾನಿನ ಹತ್ರ ಬ್ಯಾಡ, ಮೂಲ್ಯಾಗಂತೂ ಬ್ಯಾಡಽ ಬ್ಯಾಡ. ಇದು ವಿಜ್ಞಾನ!"

ಕಲ್ಮೇಶಪ್ಪನು ಸೊಂಟಕ್ಕೆ ಕೈಯಿಟ್ಟು ಪ್ರತಿಗರ್ಜನೆ ಮಾಡಿದನು. "ನಿನ್ನ ವಿಜ್ಞಾನ ನಿನ್ನ ಕಾಲೇಜಿನ್ಯಾಗ ಇಟ್ಕೊ. ನನ್ನ ಕುರ್ಚಿ ಇಲ್ಲಿ ಬರತೈತಿ. ಎರಡೂ ಸ್ಪೀಕರ್ ಇದರ ನೆತ್ತೀ ಮ್ಯಾಲ ಬರಬೇಕು. ನೂರಾರು ಹಳ್ಳ್ಯಾಗ ಭೂಮಿ ಒಳಗಿನ ನೀರ ಮ್ಯಾಲ ಎತ್ತಿದಾಂವ ನಾ. ಮ್ಯಾಲಿನ ಹಾಡ ಕೆಳಗ ಇಳಸೂದು ನನಗ ಹೇಳಿಕೊಡ್ತೀಯೇನು?"

ಸಂಗಣ್ಣ ನೆಲದ ಮೇಲೆ ಸೀಮೆಸುಣ್ಣದ ಕಡ್ಡಿಯಿಂದ ಗುರುತು ಹಾಕಿದನು. ಕಲ್ಮೇಶಪ್ಪನು ಚಪ್ಪಲಿಯಿಂದ ಅದನ್ನು ಅಳಿಸಿದನು. ಮತ್ತೆ ಗುರುತು, ಮತ್ತೆ ಚಪ್ಪಲಿ. ಧೂಳು ಸೂರ್ಯನನ್ನು ಮರೆಮಾಡಿತೆಂದು ಹೇಳಿದರೆ ಅತಿಶಯವಾದೀತು, ಆದರೆ ನೀಲವ್ವ ಸೀನಿದ್ದು ಸತ್ಯ.

"ಅಡಿಗಿಮನ್ಯಾಗಂತೂ ನನಗ ಬ್ಯಾಡ ನೋಡ್ರಿ," ಎಂದಳು ಆಕೆ ಮೂಗು ಒರೆಸಿಕೊಳ್ಳುತ್ತ.

"ಬೆಳಗಾವ್ಯಾಗ ಐತಿ!" ಎಂದನು ಗಂಡ. "ಇರಾಕಬೇಕ ಅಕ್ಕಾ," ಎಂದನು ತಮ್ಮ. ಅಂದಿನ ಸಮರದಲ್ಲಿ ಉಭಯವೀರರು ಒಮ್ಮತಕ್ಕೆ ಬಂದದ್ದು ಇದೊಂದೇ ವಿಷಯದಲ್ಲಿ, ಅದೂ ಅಡಿಗೆ ಮಾಡುವವಳು ಬೇಡವೆಂದದ್ದರಲ್ಲಿ. ಅದೇ ಹುರುಪಿನಲ್ಲಿ ಬಚ್ಚಲಿಗೂ ಒಂದು ಮಂಜೂರಾಯಿತು.

ಪಡಸಾಲೆ ಮಾತ್ರ ಇತ್ಯರ್ಥವಾಗಲಿಲ್ಲ. ಕೊನೆಗೆ ಕಲ್ಮೇಶಪ್ಪನು ಪಂಚೆಯನ್ನೆತ್ತಿ ಕಟ್ಟಿ, ಕೆಂಪು ಪೆನ್ಸಿಲನ್ನು ಹಲ್ಲಿನಲ್ಲಿ ಕಚ್ಚಿ, ಐರಾವತವನ್ನೇರುವ ಇಂದ್ರನಂತೆ ಏಣಿಯನ್ನೇರಿದನು. ಐರಾವತ ಅಲುಗಾಡಿತು. ಇಂದ್ರನು ಚೌಕಟ್ಟನ್ನು ಎರಡೂ ಕೈಯಿಂದ ಅಪ್ಪಿಕೊಂಡನು. ಕೆಳಗೆ ಏಣಿ ಹಿಡಿದಿದ್ದ ಸಂಗಣ್ಣನಿಗೆ ಸೋಲು ಖಚಿತವೆನಿಸಿತು. ಸೋಲುವ ಪಂಡಿತನ ಬಾಯಿಯಷ್ಟು ವಿಷದ ಬಾಣ ಯಾವ ಬತ್ತಳಿಕೆಯಲ್ಲೂ ಇಲ್ಲ.

"ಮಾಮಾ, ನಿಮ್ಮ ಎಡಗಿವಿ ಕೇಳ್ಸಂಗಿಲ್ಲ ಅನ್ನೂದು ಊರಿಗೆಲ್ಲಾ ಗೊತ್ತೈತಿ. ಒಂದ ಕಿವಿ ಇದ್ದಾವ್ರಿಗೆ ಎರಡ ಸ್ಪೀಕರ್ ಎಲ್ಲಿದ್ರೇನು?"

ಪೆನ್ಸಿಲ್ ಕೆಳಗೆ ಬಿತ್ತು.

ಕಲ್ಮೇಶಪ್ಪನಿಗೆ ಏಣಿಯ ತುದಿಯಲ್ಲಿ ನಿಂತೇ ಎಲ್ಲವೂ ಒಂದೊಂದಾಗಿ ಹೊಳೆಯಿತು. ಅಂಗಡಿಯ ಗುಮಾಸ್ತ ಸುತ್ತುಹಾಕಿ ಬಂದು ಬಲಕ್ಕೇ ನಿಲ್ಲುತ್ತಿದ್ದನು. ಮದುವೆಮನೆಗಳಲ್ಲಿ ಎಡತುದಿಯ ಕುರ್ಚಿ ಯಾವಾಗಲೂ ಖಾಲಿ ಸಿಗುತ್ತಿತ್ತು. ಅದನ್ನೆಲ್ಲ ಆತ ತನ್ನ ಘನತೆಗೆ ಸಲ್ಲುವ ಮರ್ಯಾದೆಯೆಂದೇ ತಿಳಿದಿದ್ದನು. ಆತ ಚೌಕಟ್ಟನ್ನು ಮತ್ತೊಮ್ಮೆ ಅಪ್ಪಿಕೊಂಡನು. ಈ ಸಲ ಏಣಿಯ ತಪ್ಪಿರಲಿಲ್ಲ.

"ಎಲ್ಲಾರಿಗೂ ಗೊತ್ತೈತೇನು?" ಎಂದು ಹೆಂಡತಿಯನ್ನು ಕೇಳಿದನು.

"ಮತ್ತ? ಇಷ್ಟ ವರ್ಷ ನಿಮ್ಮ ಬಲಕ್ಕ ಮಲಗಾಕತ್ತೀನಿ, ಸುಮ್ಮನಽ ಏನು?" ಎಂದಳು ನೀಲವ್ವ. ತಮ್ಮನ ಕಡೆ ತಿರುಗಿದಾಗ ಆಕೆಯ ದನಿಯಲ್ಲಿ ಬೇರೆಯೇ ಕಾವಿತ್ತು. "ನಿನಗ ನಾಲಿಗಿ ಭಾಳ ಉದ್ದ ಆಗೇತಿ ಸಂಗು. ಪೆನ್ಸಿಲ್ ಎತ್ತಿ ಕೊಡು."

ಶಾಸ್ತ್ರಪಾರಂಗತನು ತಲೆತಗ್ಗಿಸಿ ಪೆನ್ಸಿಲನ್ನು ಹೆಕ್ಕಿದನು. "ಎಲ್ಲಿ ಹಾಕಬೇಕಂತೀರಿ ಹೇಳ್ರಿ ಮಾಮಾ. ನೀವ ಇಳೀರಿ, ನಾ ಏರ್ತೇನಿ," ಎಂದನು. ಕುರ್ಚಿಯ ನೆತ್ತಿಗೆ ನೇರವಾಗಿ ಚೌಕಟ್ಟಿನ ಮೇಲೆ ಎರಡು ಕೆಂಪು ಗುರುತುಗಳು ಮೂಡಿದವು. ಹೀಗೆ, ಒಬ್ಬ ವೀರ ಮಾನ ಕಳೆದುಕೊಂಡು, ಇನ್ನೊಬ್ಬ ವಾದ ಕಳೆದುಕೊಂಡು, ವಿಜಯಲಕ್ಷ್ಮಿಯು ಆಕಳಿಸುತ್ತ ಯಾರ ಕೊರಳಿಗೋ ಮಾಲೆ ಹಾಕಿದಳು. ದಾವಲಸಾಬನು ಬೀಡಿ ಮುಗಿಸಿ ಬಂದು ಸೂರು ಮುಚ್ಚಿದನು.

ಹೊಸ ಮನೆ ಹೊಕ್ಕ ಮೇಲೆ ಒಂದು ಭಾನುವಾರ ಬೆಳಗಾವಿಯ ಬೀಗರು ಊಟಕ್ಕೆ ಬಂದರು. ರಾಚಪ್ಪನವರನ್ನು ಎದುರಿಗೆ ಕೂರಿಸಿ, ತಾನು ಸಿಂಹಾಸನದಲ್ಲಿ ಕುಳಿತು, ದಿಗ್ವಿಜಯದ ಶಂಖವನ್ನೂದುವ ಗಾಂಭೀರ್ಯದಲ್ಲಿ, ಕಲ್ಮೇಶಪ್ಪನು ಗುಂಡಿ ಒತ್ತಿದನು. ಶಹನಾಯಿ ಪಡಸಾಲೆಯಲ್ಲಿ ಮೊಳಗಿತು, ಅಡಿಗೆಮನೆಯಲ್ಲಿ ಮೊಳಗಿತು, ಮಲಗುವ ಕೋಣೆಯಲ್ಲಿ ಮೊಳಗಿತು. ಬಚ್ಚಲಿನಲ್ಲೂ ಮೊಳಗಿತು, ಒಳಗೆ ಕೈಕಾಲು ತೊಳೆಯುತ್ತಿದ್ದ ಬೀಗಿತ್ತಿ, "ಅಯ್ಯಯ್ಯೋ, ಯಾರೋ ಒಳಗ ಅದಾರ್ರೀ!" ಎಂದು ಚೀರಿ ಒದ್ದೆಗಾಲಿನಲ್ಲೇ ಹೊರಗೆ ಓಡಿಬಂದಳು.

ರಾಚಪ್ಪನವರು ಏನೋ ಹೇಳಿದರು. ತುಟಿಯಾಡಿದ್ದು ಕಂಡಿತು. ಕಲ್ಮೇಶಪ್ಪನು ಪಡಸಾಲೆಯ ಸದ್ದನ್ನಷ್ಟೇ ತಗ್ಗಿಸಿದನು.

"ಭಾಳ ಚಲೋ ಅದಾವ್ರಿ ಬೀಗ್ರ," ಎಂದರು ರಾಚಪ್ಪನವರು. "ನಮ್ಮವನ್ನ ನಾವು ಬಂದ್ ಮಾಡಿಟ್ಟೀವಿ. ಮನ್ಯಾಗ ಒಬ್ರ ಮಾತ ಒಬ್ರಿಗೆ ಕೇಳ್ಸಂಗಿಲ್ಲ ನೋಡ್ರಿ."

ಅಷ್ಟರಲ್ಲೇ ಅಡಿಗೆಮನೆಯಿಂದ ನೀಲವ್ವ ಹೊರಗೆ ಬಂದಳು. ಕೈಯಲ್ಲಿ ಸೌಟು, ಹಣೆಯಲ್ಲಿ ಬೆವರು.

"ಏನ್ರೀ, ಮೊದಲ ಅದನ್ನ ಬಂದ್ ಮಾಡ್ರಿ. ಕುಕ್ಕರ್ ಸೀಟಿ ಹೊಡದಿದ್ದೂ ತಿಳೀವಲ್ತು. ಬ್ಯಾಳಿ ತಳಾ ಹತ್ತಿದ್ರ ಬೀಗರಿಗೇನು ಶಹನಾಯಿ ಬಡಸ್ಲಿ? ಸುಮ್ನ ಕುಂತೀರಲ್ಲ, ಅಲ್ಲೇ ಕುಂತ ಸೀಟಿ ಎಣಸ್ರಿ."

ವೀರನು ಗುಂಡಿಯನ್ನು ಮತ್ತೆ ಒತ್ತಿದನು. ಸರ್ವದಿಗ್ವ್ಯಾಪಿಯಾದ ನಾದ ಸರ್ವದಿಕ್ಕುಗಳಲ್ಲೂ ಸತ್ತಿತು. ಆ ಮಹಾಮೌನದಲ್ಲಿ ಪಾತಾಳಜಲಾಕರ್ಷಣಯಂತ್ರವಿಕ್ರಯಧುರಂಧರನಾದ ಕಲ್ಮೇಶಪ್ಪ ಹಂಚಿನಮನಿಯು, ಬೀಗರ ಸಮಕ್ಷಮದಲ್ಲಿ, ಅಡಿಗೆಮನೆಯ ಕಡೆ ಮುಖ ಓರೆಮಾಡಿ, ಉಸಿರು ಬಿಗಿಹಿಡಿದು ಕುಳಿತನು. ಕುಕ್ಕರ್ ಕೂಗಿತು.

"ಒಂದ್," ಎಂದನು.