ಕಡಿಯುವ ಗುಂಡಿ ನನ್ನ ಪಾಲಿಗೆ ಬಂದದ್ದು

ನಿತ್ಯಾ, ಚೇತೂ, ಅಧಿಕಾರವನ್ನು ಯಾರ ಕೈಗೆ ಬೇಕಾದರೂ ಕೊಡಬಹುದು. ಅದನ್ನು ಬಳಸುವ ಧೈರ್ಯವನ್ನು ಮಾತ್ರ ಯಾರೂ ಕೊಡಲಾರರು. ನೆಂಟರು ಬಂದರೆ ಅಡಿಗೆಮನೆಯ ಬಾಗಿಲ ಹಿಂದೆ ನಿಲ್ಲುವವಳು ನಾನು. ಬಸ್ಸಿನಲ್ಲಿ ನನ್ನ ಸ್ಟಾಪು ಬಂದರೂ ಕಂಡಕ್ಟರನ್ನು ಕೂಗಲು ನಾಚಿ, ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದವಳು. ಇಂಥವಳ ಕೈಗೆ ನನ್ನ ಮಗ, ನಿಮ್ಮಪ್ಪ, ಮನೆಯ ಇಂಟರ್‌ನೆಟ್ ಕೊಟ್ಟ.

ಆಗ ನೀವಿನ್ನೂ ಹುಟ್ಟಿರಲಿಲ್ಲ. ನಿಮ್ಮ ತಾತ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನರಸೀಪುರದ ಈ ಮನೆಯಲ್ಲಿ ಕೆಳಗೆ ಬೆಲ್ಲದ ವ್ಯಾಪಾರದ ನನ್ನ ಮೈದುನ ಶಿವಣ್ಣನ ಕಂಪ್ಯೂಟರು, ಮಹಡಿಯಲ್ಲಿ ನಿಮ್ಮಪ್ಪನದು. ಎರಡಕ್ಕೂ ಸೇರಿ ನಡುಮನೆಯ ಒಂದೇ ಫೋನು. ಇಂಟರ್‌ನೆಟ್ ಕೂಡಿದ್ದಷ್ಟು ಹೊತ್ತು ಹೊರಗಿನಿಂದ ಯಾರು ಕರೆದರೂ ಎಂಗೇಜು. ಮೊದಮೊದಲು ಕೂಡಿಸುವುದೂ ಕಡಿಯುವುದೂ ನಿಮ್ಮಪ್ಪನೊಬ್ಬನಿಗೇ ಆಗುತ್ತಿತ್ತು. ಅವನು ನಂಜನಗೂಡಿಗೆ ಕೆಲಸಕ್ಕೆ ಹೋದರೆ ಉಳಿದವರು ಅವನ ದಾರಿ ಕಾಯಬೇಕು. ಶಿವಣ್ಣ ಮುನಿಸಿಕೊಂಡ. "ನಮ್ಮನೆ ಫೋನ್ ಮುಟ್ಟಕ್ಕೆ ನಮಗೇ ಅಪ್ಪಣೆ ಬೇಕೇನ್ಲಾ?" ನಿಮ್ಮಪ್ಪ ಒಂದು ಭಾನುವಾರ ಕೂತು, ಯಾರು ಬೇಕಾದರೂ ಒತ್ತುವಂತೆ ಎರಡೂ ಕಂಪ್ಯೂಟರಿನ ಪರದೆಯ ಮೇಲೆ ಎರಡೆರಡು ಗುಂಡಿ ಮೂಡಿಸಿದ. ನನಗೂ ಓದಲು ಬರಲೆಂದು ಕನ್ನಡದಲ್ಲೇ ಬರೆದ: ಒಂದು 'ಕೂಡಿಸು', ಇನ್ನೊಂದು 'ಕಡಿ'. ನಿಮ್ಮಮ್ಮ ಸುಜಾತ ಕಂಪ್ಯೂಟರಿಗೆ ಕುಂಕುಮ ಇಟ್ಟು ಮೊದಲ ಸಲ 'ಕೂಡಿಸು' ಒತ್ತಿದಳು. ನಾನು ಬಾಗಿಲ ಹಿಂದಿದ್ದೆ.

ಅಲ್ಲಿಂದ ಎಲ್ಲರೂ ಕೂಡಿಸುವವರೇ, ಕಡಿಯುವವರಿಲ್ಲ. ಮೇಲಿನವರು ನೋಡುತ್ತಿರಬಹುದೆಂದು ಕೆಳಗಿನವರು, ಕೆಳಗಿನವರು ನೋಡುತ್ತಿರಬಹುದೆಂದು ಮೇಲಿನವರು, ಮರ್ಯಾದೆಗೆ ಹಾಗೇ ಬಿಟ್ಟು ಎದ್ದು ಹೋಗುವರು. ಯಾರೂ ನೋಡದ ಇಂಟರ್‌ನೆಟ್ಟು ದಿನವಿಡೀ ಓಡುತ್ತಿತ್ತು. ಪೆಟ್ಟು ಬಿದ್ದದ್ದು ನನಗೆ. ಹೆಮ್ಮಿಗೆಯ ನನ್ನ ತಂಗಿ ಪುಟ್ಟಮ್ಮ ದೀಪ ಹಚ್ಚುವ ಹೊತ್ತಿಗೆ, ಮಂಡಿನೋವಿನಲ್ಲೇ ಬೂತಿನವರೆಗೆ ನಡೆದು ನನಗೆ ಫೋನು ಮಾಡುತ್ತಿದ್ದಳು. ದಿನದಲ್ಲಿ ನಾನು ಮನಸಾರೆ ಬಾಯಿ ಬಿಡುತ್ತಿದ್ದುದು ಆಗ ಮಾತ್ರ. ಎಂಗೇಜು ಕೇಳಿ ಕೇಳಿ ಬೇಸತ್ತು, ಕೊನೆಗೆ ಅವಳು ಬಸ್ಸು ಹತ್ತಿ ಬಂದೇಬಿಟ್ಟಳು.

"ಏನಕ್ಕಾ, ಎದುರ್ಗೆ ನಿಂತ್ರೆ ನಾಕ್ ಮಾತಾಡಕಿಲ್ಲ ನೀನು. ದಿನವೆಲ್ಲಾ ಫೋನ್ನಲ್ಲಿ ಯಾರ್ ಕೂಡೆ ಮಾತಾಡೀಯೆ, ಯೋಳು!"

ನಿಮ್ಮಪ್ಪನಿಗೆ ನಾಚಿಕೆಯಾಗಿ, ದಿನಾ ದೀಪದ ಹೊತ್ತಿಗೆ ಕಡಿಯಲೇಬೇಕೆಂದು ಗೊತ್ತುಮಾಡಿದ. ಯಾರು ಕಡಿಯಬೇಕು? ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಉಗುರು ಕೂಡ ಕತ್ತರಿಸುವುದಿಲ್ಲ. "ದೀಪ ಹಚ್ಚೋ ಕೈಲಿ ಕಡಿ ಅಂತ ಒತ್ತಲ್ಲಪ್ಪ ನಾನು" ಎಂದಳು ಸುಜಾತ. "ಅತ್ಗೆಮ್ಮ ಕಡೀಲಿ ಬುಡಿ, ಅವ್ರಿಗೇನು" ಎಂದ ಶಿವಣ್ಣ. ಅವನ ಮಾತಿನಲ್ಲಿ ಕೆಡುಕಿರಲಿಲ್ಲ. ಅರಿಸಿನ ಕುಂಕುಮ ಕೊಡುವಾಗ ನನ್ನನ್ನು ದಾಟಿ ಹೋಗುವ ತಟ್ಟೆಯಲ್ಲೂ ಕೆಡುಕಿರುವುದಿಲ್ಲ. ಅಂತೂ ಗಂಡ ಹೋದ ಮೇಲೆ ನನಗೆ ಸಿಕ್ಕ ಮೊದಲ ಅಧಿಕಾರ ಅದು.

ಮೊದಲು ಅಪ್ಪಣೆ ಕೇಳುತ್ತಿದ್ದೆ. "ಒಂದ್ಗಳಿಗೆ ಅತ್ಗೆಮ್ಮಾ, ಬೆಲ್ಲದ ರೇಟು ಬತ್ತಾ ಅದೆ" ಎನ್ನುವನು ಶಿವಣ್ಣ. ಮಹಡಿ ಹತ್ತಿ ಸುಜಾತಳನ್ನು ಕೇಳಿ ಇಳಿಯುವಷ್ಟರಲ್ಲಿ ಪುಟ್ಟಮ್ಮ ಬೂತು ಬಿಟ್ಟಿರುತ್ತಿದ್ದಳು. ಒಂದು ಸಂಜೆ ಕೇಳಲೇ ಇಲ್ಲ. ಕಣ್ಣು ಮುಚ್ಚಿ ಒತ್ತೋಣವೆಂದರೆ ಗುಂಡಿ ಕಾಣದು. ಒಂದೇ ಕಣ್ಣು ತೆರೆದು ಒತ್ತಿದೆ. ಆಗೆಲ್ಲ ಫೋಟೋ ತಲೆಯಿಂದ ಶುರುವಾಗಿ ಗೆರೆಗೆರೆಯಾಗಿ ಕೆಳಗಿಳಿಯುತ್ತಿತ್ತು. ಮಹಡಿಯಿಂದ ಕೂಗು ಬಂತು: "ಅಯ್ಯೋ ಅತ್ತೇ, ನಮ್ಮಣ್ಣನ ಮಗು ಫೋಟೋ! ಹುಬ್ಬಿನವರ್ಗೂ ಬಂದಿತ್ತು, ಇನ್ನೂ ಮೂಗೇ ಬಂದಿಲ್ಲ!" ಅಷ್ಟರಲ್ಲಿ ಫೋನು ಬಡಿದುಕೊಂಡಿತು. "ಸಿಕ್ದಲ್ಲಕ್ಕಾ!" ಎಂದಳು ಪುಟ್ಟಮ್ಮ. ಮೂಗಿಲ್ಲದ ಮಗುವನ್ನು ಮರೆತು ಹುರುಳಿ ಸಾರಿನ ವಿಷಯ ಮಾತಾಡಿದೆ. ಪಾಪ ಎನ್ನಿಸಲಿಲ್ಲ.

ಈಗ ಫೋನೂ ಇಂಟರ್‌ನೆಟ್ಟೂ ಒಟ್ಟಿಗೆ ನಡೆಯುವ ಲೈನು ಬಂದಿದೆ. ಕಡಿಯುವ ಅಗತ್ಯವಿಲ್ಲ, ನನ್ನ ಅಧಿಕಾರವೂ ಹೋಯಿತು. ಪುಟ್ಟಮ್ಮನ ಮನೆಗೂ ಫೋನು ಬಂತು, ಆ ಹೊತ್ತಿಗೆ ಅವಳ ಕಿವಿ ಹೋಗಿತ್ತು. ನಾನು ಏನು ಸಾರು ಎಂದರೆ ಅವಳು ಮಂಡಿನೋವು ಹೇಳುತ್ತಾಳೆ. ಕೊನೆಗೆ ಅವಳ ಸೊಸೆ ಫೋನು ಇಸಿದುಕೊಂಡು ಇಟ್ಟುಬಿಡುತ್ತಾಳೆ. ಆ ಮನೆಯಲ್ಲಿ ಕಡಿಯುವವಳು ಅವಳು.

ನಿತ್ಯಾ, ಹಳೇ ಕಂಪ್ಯೂಟರು ಗುಜರಿಗೆ ಹೋದ ದಿನ ನೀನು ಕೇಳಿದ್ದೆ: "ಅಜ್ಜೀ, ನೀನು ಒಂದ್ಸಲನಾದ್ರೂ 'ಕೂಡಿಸು' ಒತ್ತಿದ್ಯಾ?" ಒತ್ತಿರಲಿಲ್ಲ. ಎರಡು ಗುಂಡಿಯೂ ಒಂದೇ ಅಳತೆಯವು, ಯಾರೂ ಬೇಡವೆಂದಿರಲಿಲ್ಲ. ಒತ್ತಬಹುದಿತ್ತೆಂದು ನನಗೆ ಹೊಳೆದದ್ದೇ ನೀನು ಕೇಳಿದಾಗ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಪೆಟ್ಟಿಗೆಯಲ್ಲೇ ಇರಲಿ, ಇಂಟರ್‌ನೆಟ್ಟಿಗೆ ಹಾಕಬೇಡಿ. ಹುಬ್ಬಿನವರೆಗೆ ಬರುವಷ್ಟರಲ್ಲಿ, ಬಾಗಿಲ ಹಿಂದಿನಿಂದ ನನ್ನಂಥವಳೊಬ್ಬಳು ಬಂದು ಕಡಿದಾಳು.